ಮನೆಯ ಕಾರ್ಯಾಗಾರದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಶಾಫ್ಟಿಗೆ ಸ್ಪ್ಲೈನ್ ಕಡಿಯುವ ಕ್ರಮ

ಮಲ್ಪೆ ಕಡೆಯ ದೋಣಿಗಳಲ್ಲಿ ಡೆಕ್ ತೊಳೆಯುವ ಪಂಪಿನ ಹಳೆಯ ಶಾಫ್ಟು ರಿಪೇರಿಗೆಂದು ಕೈಗೆ ಬಂದಾಗಲೆಲ್ಲ ನಾನು ಕಾಣುವುದು ಹೆಚ್ಚುಕಡಿಮೆ ಒಂದೇ ಸ್ಥಿತಿ. ಮೋಟಾರಿಗೆ ಜೋಡಿಸುವ ಕಪ್ಲಿಂಗು ಕೂರುವ ತುದಿಯಲ್ಲಿ ಕೀ, ಅಂದರೆ ಎರಡೂ ಒಟ್ಟಿಗೆ ತಿರುಗುವಂತೆ ನಡುವೆ ಸಿಕ್ಕಿಸುವ ಲೋಹದ ತುಂಡು, ಇದ್ದ ತೋಡು ಅಗಲವಾಗಿರುತ್ತದೆ, ಕೀ ಒಂದು ಬದಿಗೆ ವಾಲಿರುತ್ತದೆ, ಸುತ್ತಲಿನ ಉಕ್ಕು ತುಕ್ಕಿನ ಪದರಗಳಾಗಿ ಏಳುತ್ತಿರುತ್ತದೆ. ಶಾಫ್ಟನ್ನು ಸ್ಟೇನ್‌ಲೆಸ್ ಮಾಡಿದರೆ ತುಕ್ಕಿನ ತೊಂದರೆ ಬಹುಪಾಲು ತೀರುತ್ತದೆ, ಒಂದೇ ಕೀ ಬದಲು ಶಾಫ್ಟಿನ ಮೈಯಲ್ಲೇ ಆರು ಹಲ್ಲುಗಳನ್ನು (ಇದೇ ಸ್ಪ್ಲೈನ್) ಕಡಿದರೆ ಹೊರೆ ಆರು ಕಡೆಗೆ ಹಂಚಿಹೋಗಿ, ಹಬ್ಬು, ಅಂದರೆ ಶಾಫ್ಟಿನ ಮೇಲೆ ಕೂರುವ ಕಪ್ಲಿಂಗಿನ ಭಾಗ, ಉದ್ದಕ್ಕೆ ಜಾರಲೂ ಅವಕಾಶವಾಗುತ್ತದೆ. ಉಡುಪಿಯ ನನ್ನ ಹಿತ್ತಲಿನ ಶೆಡ್ಡಿನಲ್ಲಿರುವ ಒಂದು ಲೇತು, ಸಿಂಗಲ್ ಫೇಸಿನಲ್ಲಿ ಓಡುವ ಒಂದು ಚಿಕ್ಕ ಲಂಬ ಮಿಲ್ಲಿಂಗ್ ಮೆಷಿನ್ ಮತ್ತು ಶಾಫ್ಟನ್ನು ಸಮಭಾಗಗಳಲ್ಲಿ ತಿರುಗಿಸಿ ನಿಲ್ಲಿಸುವ ಒಂದು ಡಿವೈಡಿಂಗ್ ಹೆಡ್ ಇಷ್ಟರಿಂದಲೇ ಈ ಕೆಲಸವನ್ನು ಹೇಗೆ ಮಾಡುತ್ತೇನೆ ಎಂಬುದನ್ನು ಇಲ್ಲಿ ಲೆಕ್ಕ ಸಹಿತ ಬರೆದಿದ್ದೇನೆ.

ಸ್ಟೇನ್‌ಲೆಸ್ ಬಹಳ ಗಟ್ಟಿ, ಅದಕ್ಕೇ ಕಟರ್ ಸೋಲುತ್ತದೆ ಎಂಬ ಮಾತು ವರ್ಕ್‌ಶಾಪುಗಳಲ್ಲಿ ಸಾಮಾನ್ಯವಾಗಿ ಕೇಳಿಬರುತ್ತದೆ. ಆದರೆ ಅಂಗಡಿಯಿಂದ ತಂದ 304 ಅಥವಾ 316 ಎಂಬ ಜಾತಿಯ ಸರಳು ಹಾಗೇನೂ ಗಟ್ಟಿಯಲ್ಲ. ಅದನ್ನು ಗಟ್ಟಿ ಮಾಡುವವರು ನಾವೇ. ಕಟರಿನ ಹಲ್ಲು ಲೋಹವನ್ನು ಕತ್ತರಿಸದೆ ಬರೀ ಉಜ್ಜಿದರೆ ಆ ಜಾಗದ ಮೇಲ್ಪದರ ಬಲಿತುಕೊಳ್ಳುತ್ತದೆ, ಮುಂದಿನ ಹಲ್ಲು ಆ ಬಲಿತ ಪದರದ ಮೇಲೆ ಹಾಯಬೇಕಾಗುತ್ತದೆ, ಅದು ಮೊಂಡಾಗಿ ಇನ್ನಷ್ಟು ಉಜ್ಜುತ್ತದೆ. ಮುಂದೆ ಹೇಳುವ ವೇಗ, ಆಳ, ದಿಕ್ಕು ಎಲ್ಲವನ್ನೂ ನಾನು ನಿರ್ಧರಿಸುವುದು ಈ ಉಜ್ಜಾಟಕ್ಕೆ ಎಡೆ ಸಿಗದಂತೆ ನೋಡಿಕೊಳ್ಳುವುದಕ್ಕಾಗಿ.

ಯಾವ ಸ್ಪ್ಲೈನ್, ಯಾವ ಅಳತೆ

ಸ್ಪ್ಲೈನಿನಲ್ಲಿ ಮುಖ್ಯವಾಗಿ ಎರಡು ಬಗೆ. ಹಲ್ಲಿನ ಎರಡು ಪಕ್ಕೆಗಳೂ ಪರಸ್ಪರ ಸಮಾನಾಂತರವಾಗಿರುವ ನೇರ ಪಕ್ಕೆಯ ಸ್ಪ್ಲೈನ್ ಒಂದು, ಗೇರಿನ ಹಲ್ಲಿನಂತೆ ಬಾಗಿದ ಪಕ್ಕೆಯ ಇನ್ವೊಲ್ಯೂಟ್ ಸ್ಪ್ಲೈನ್ ಇನ್ನೊಂದು. ವಾಹನದ ಬಿಡಿಭಾಗವೊಂದಕ್ಕೆ ಹೊಂದಿಸಲೇಬೇಕಾದರೆ ಇನ್ವೊಲ್ಯೂಟ್ ಬೇಕಾಗಬಹುದು, ಅದನ್ನು ಹಾಬಿಂಗ್ ಮೆಷಿನ್ ಇರುವ ಗೇರು ಕಡಿಯುವವರಿಗೆ ಕೊಡುವುದೇ ಲೇಸು. ಶಾಫ್ಟು, ಹಬ್ಬು ಎರಡೂ ನಮ್ಮದೇ ಆದಾಗ ನೇರ ಪಕ್ಕೆಯದನ್ನೇ ಆರಿಸಬೇಕು, ಏಕೆಂದರೆ ಅದಕ್ಕೆ ವಿಶೇಷ ಆಕಾರದ ಕಟರ್ ಬೇಡ, ಸಾಮಾನ್ಯ ಮೈಕ್ರೋಮೀಟರಿನಿಂದ ಅಳೆಯಲೂ ಆಗುತ್ತದೆ.

ನೇರ ಪಕ್ಕೆಯ ಸ್ಪ್ಲೈನಿನ ಅಳತೆಗಳು ಐ.ಎಸ್.ಓ. 14 ಎಂಬ ಮಾನಕದಲ್ಲಿವೆ. ಅದರ ಮಧ್ಯಮ ಶ್ರೇಣಿಯ 6×21×25 ಎಂಬ ಅಳತೆಯನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ಅಂದರೆ ಆರು ಹಲ್ಲು, 21 ಮಿ.ಮೀ. ಬುಡದ ವ್ಯಾಸ, 25 ಮಿ.ಮೀ. ಹೊರವ್ಯಾಸ, ಇದರಲ್ಲಿ ಹಲ್ಲಿನ ಅಗಲ 5 ಮಿ.ಮೀ. ಮಾನಕದ ಪ್ರಕಾರ ಹಬ್ಬು ಕೇಂದ್ರದಲ್ಲಿ ಕೂರುವುದು ಬುಡದ ವ್ಯಾಸದ ಮೇಲೆ. ಹಾಗೆ ಕೂರಿಸಬೇಕಾದರೆ ಹಲ್ಲುಗಳ ನಡುವಿನ ಬುಡವನ್ನು ನಿಖರವಾದ ವೃತ್ತವಾಗಿ ಗ್ರೈಂಡ್ ಮಾಡಬೇಕಾಗುತ್ತದೆ, ಅದು ಮನೆಯಲ್ಲಿ ಆಗುವ ಕೆಲಸವಲ್ಲ. ಆದ್ದರಿಂದ ನಾನು ಹಲ್ಲುಗಳ ಅಳತೆಯನ್ನು ಮಾನಕದಿಂದ ತೆಗೆದುಕೊಂಡು, ಹಬ್ಬನ್ನು ಹೊರವ್ಯಾಸದ ಮೇಲೆ ಕೂರಿಸುತ್ತೇನೆ ಮತ್ತು ಬುಡದಲ್ಲಿ ಬೇಕೆಂದೇ ಸ್ವಲ್ಪ ಜಾಗ ಬಿಡುತ್ತೇನೆ. ಹೊರವ್ಯಾಸವನ್ನು ಲೇತಿನಲ್ಲೇ 25.00ರಿಂದ 24.98ರ ಒಳಗೆ ತಿರುಗಿಸಿಕೊಳ್ಳಬಹುದಾದ್ದರಿಂದ ನಿಖರತೆಯ ಹೊರೆ ನಮಗೆ ಚೆನ್ನಾಗಿ ಬರುವ ಕೆಲಸದ ಮೇಲೇ ಬೀಳುತ್ತದೆ. ಹಬ್ಬನ್ನು ಹೊರಗಿನಿಂದ ಕೊಂಡು ತಂದಿದ್ದರೆ ಈ ಏರ್ಪಾಡು ಹೊಂದುತ್ತದೆಯೇ ಎಂಬುದನ್ನು ಅದನ್ನು ಅಳೆದ ಮೇಲೆಯೇ ತೀರ್ಮಾನಿಸಬೇಕು.

ಶಕ್ತಿಯ ಲೆಕ್ಕವನ್ನೂ ಒಮ್ಮೆ ನೋಡಿಬಿಡೋಣ. 3 ಎಚ್.ಪಿ. ಅಂದರೆ 2.2 ಕಿಲೋವಾಟ್ ಮೋಟಾರು ನಿಮಿಷಕ್ಕೆ 1440 ಸುತ್ತು ಓಡಿದರೆ ತಿರುಚುಬಲ ಸುಮಾರು 14.6 ನ್ಯೂಟನ್-ಮೀಟರ್. ಆರು ಹಲ್ಲು, 30 ಮಿ.ಮೀ. ಉದ್ದದ ಹಬ್ಬು, ಮೂಲೆ ಮುರಿದ ಮೇಲೆ ಉಳಿಯುವ 1.4 ಮಿ.ಮೀ. ಸಂಪರ್ಕದ ಎತ್ತರ, ಪ್ರತಿ ಚದರ ಮಿಲಿಮೀಟರಿಗೆ 20 ನ್ಯೂಟನ್ನಿನ ಹಗುರ ಒತ್ತಡ, ಅದರಲ್ಲೂ ಮುಕ್ಕಾಲು ಭಾಗ ಮಾತ್ರ ಹೊರೆ ಹೊರುತ್ತದೆ ಎಂದಿಟ್ಟುಕೊಂಡರೂ 43 ನ್ಯೂಟನ್-ಮೀಟರಿನಷ್ಟು ತಾಳುತ್ತದೆ. ಪಂಪಿಗೆ ಇದು ಧಾರಾಳವಾಯಿತು.

ಸರಳಿನ ಆಯ್ಕೆ

ಉಪ್ಪುನೀರಿಗೆ 316ನ್ನೇ ಬಳಸಬೇಕು. ಅದರಲ್ಲಿರುವ 2ರಿಂದ 3 ಶೇಕಡಾ ಮಾಲಿಬ್ಡಿನಂ ಉಪ್ಪಿನಿಂದಾಗುವ ಗುಳಿಗಳನ್ನು ತಡೆಯುತ್ತದೆ. ಅಡಿಗೆಮನೆಯ ಯಂತ್ರಕ್ಕೋ ತೋಟದ ಸಿಹಿನೀರಿನ ಪಂಪಿಗೋ 304 ಸಾಕು. 303 ಎಂಬ ಜಾತಿ ಗಂಧಕ ಬೆರೆಸಿದ್ದರಿಂದ ಬೆಣ್ಣೆಯಂತೆ ಕಡಿಯುತ್ತದೆ, ಆದರೆ ಅದೇ ಗಂಧಕದಿಂದಾಗಿ ಸಮುದ್ರದ ಹತ್ತಿರ ಬೇಗ ಕಲೆಗಟ್ಟುತ್ತದೆ. ಬಲವೇ ಮುಖ್ಯವಾದಲ್ಲಿ 410 ಅಥವಾ 17-4 ಪಿ.ಎಚ್. ಇವೆ, ಅವುಗಳ ಹೀಟ್ ಟ್ರೀಟ್‌ಮೆಂಟಿನ ಕತೆ ಬೇರೆಯೇ ಇದೆ. ಗುಜರಿಯಲ್ಲಿ ಸಿಕ್ಕಿದ ತುಂಡಾದರೆ ಕನಿಷ್ಠ ಅಯಸ್ಕಾಂತವನ್ನಾದರೂ ಹಿಡಿದು ನೋಡಬೇಕು. ಗಟ್ಟಿಯಾಗಿ ಅಂಟಿದರೆ ಅದು 304ವೂ ಅಲ್ಲ, 316ವೂ ಅಲ್ಲ. ಎಳೆದು ಮಾಡಿದ ಸರಳಿನಲ್ಲಿ ಇವೂ ಸಣ್ಣದಾಗಿ ಅಂಟುವುದುಂಟು, ಅದಕ್ಕೆ ಗಾಬರಿಯಾಗಬೇಕಿಲ್ಲ. ಆದರೆ 304 ಮತ್ತು 316ರ ನಡುವಿನ ವ್ಯತ್ಯಾಸವನ್ನು ಅಯಸ್ಕಾಂತ ಹೇಳುವುದಿಲ್ಲ, ಅದಕ್ಕೆ ಮಾರುವವರ ಟೆಸ್ಟ್ ಸರ್ಟಿಫಿಕೇಟನ್ನೇ ಕೇಳಬೇಕು.

ಮೆಷಿನ್, ಕಟರ್ ಮತ್ತು ವೇಗ

ಪಕ್ಕೆಗಳನ್ನು ಕಡಿಯಲು 50 ಮಿ.ಮೀ. ವ್ಯಾಸದ, 6 ಮಿ.ಮೀ. ಅಗಲದ ಸೈಡ್ ಆ್ಯಂಡ್ ಫೇಸ್ ಕಟರನ್ನು (ಸುತ್ತಂಚಿನಲ್ಲೂ ಎರಡು ಮುಖಗಳಲ್ಲೂ ಹಲ್ಲಿರುವ ತಟ್ಟೆ) ಗಿಡ್ಡ ಆರ್ಬರಿನಲ್ಲಿ, ಅಂದರೆ ಕಟರ್ ಹಿಡಿಯುವ ದಂಡದಲ್ಲಿ, ಸಿಕ್ಕಿಸಿಕೊಳ್ಳಬೇಕು. ಅದು ಎಚ್.ಎಸ್.ಎಸ್. (ಹೈ ಸ್ಪೀಡ್ ಸ್ಟೀಲ್) ಆದರೂ ಆದೀತು, 5 ಶೇಕಡಾ ಕೋಬಾಲ್ಟ್ ಇರುವ ಎಂ 35 ಸಿಕ್ಕಿದರೆ ಬಹಳ ಒಳ್ಳೆಯದು. ಅಗಲ 6 ಮಿ.ಮೀ. ಎಂಬುದಕ್ಕೂ ಕಾರಣವಿದೆ. ನಾವು ಇಳಿಯಲಿರುವ 2.5 ಮಿ.ಮೀ. ಆಳದಲ್ಲಿ ಕತ್ತರಿಸಬೇಕಾದ ಭಾಗ ಶಾಫ್ಟಿನ ನಡುಮಟ್ಟದಿಂದ 7.5 ಮಿ.ಮೀ. ಎತ್ತರದವರೆಗೆ ಇರುತ್ತದೆ, ಹಲ್ಲಿನ ಪಕ್ಕೆ 2.5 ಮಿ.ಮೀ. ಎತ್ತರದಲ್ಲಿದೆ, ಹೀಗಾಗಿ 5 ಮಿ.ಮೀ.ಗಿಂತ ಕಡಿಮೆ ಅಗಲದ ಕಟರ್ ಹಾಕಿದರೆ ಮೇಲ್ಗಡೆ ತೆಳ್ಳಗಿನ ರೆಕ್ಕೆಯೊಂದು ಉಳಿದುಕೊಳ್ಳುತ್ತದೆ. ಬುಡವನ್ನು ಸವರಲು 4 ಮಿ.ಮೀ.ನ ನಾಲ್ಕು ಹಲ್ಲಿನ ಎಂಡ್ ಮಿಲ್, ಅಂದರೆ ತುದಿಯಲ್ಲೂ ಪಕ್ಕದಲ್ಲೂ ಕತ್ತರಿಸುವ ಕಡ್ಡಿಯಂಥ ಕಟರ್, ಬೇಕು.

ಕಟರಿನ ಅಂಚಿನ ವೇಗ ನಿಮಿಷಕ್ಕೆ 15 ಮೀಟರಿನ ಆಸುಪಾಸಿನಲ್ಲಿರಲಿ. 50 ಮಿ.ಮೀ. ಕಟರಿಗೆ ಅದು 95 ಸುತ್ತು, 4 ಮಿ.ಮೀ. ಎಂಡ್ ಮಿಲ್ಲಿಗೆ ಸುಮಾರು 1200 ಸುತ್ತು. ದೊಡ್ಡ ಕಟರಿಗೆ ಪ್ರತಿ ಹಲ್ಲಿಗೂ 0.04 ಮಿ.ಮೀ. ಲೋಹ ಸಿಗುವಂತೆ ಮೇಜನ್ನು ಓಡಿಸಬೇಕು. ಹದಿನಾಲ್ಕು ಹಲ್ಲಿನ ಕಟರಾದರೆ ಇದು ನಿಮಿಷಕ್ಕೆ ಸುಮಾರು 50 ಮಿ.ಮೀ. ಓಟವಾಗುತ್ತದೆ, ಮೇಜಿನ ಸ್ಕ್ರೂ ಒಂದು ಸುತ್ತಿಗೆ 2.5 ಮಿ.ಮೀ. ಸರಿಯುವುದಾದರೆ ಮೂರು ಸೆಕೆಂಡಿಗೆ ಒಂದು ಸುತ್ತಿನಂತೆ ಹಿಡಿಕೆ ತಿರುಗಿಸುತ್ತಿರಬೇಕು. ಮನಸ್ಸಿನಲ್ಲೇ ಒಂದು, ಎರಡು, ಮೂರು ಎಂದು ಎಣಿಸುತ್ತ ತಿರುಗಿಸುವುದು ನನಗೆ ಅಭ್ಯಾಸವಾಗಿದೆ. ಭಯದಿಂದ ನಿಧಾನ ಮಾಡುವುದೇ ಸ್ಟೇನ್‌ಲೆಸ್ಸಿನಲ್ಲಿ ದೊಡ್ಡ ತಪ್ಪು. ಹಾದಿಯ ನಡುವೆ ಮೇಜನ್ನು ನಿಲ್ಲಿಸಿ ಕಟರನ್ನು ಮಾತ್ರ ತಿರುಗಲು ಬಿಟ್ಟರೆ ನಿಂತ ಜಾಗ ಕನ್ನಡಿಯಂತೆ ಹೊಳೆಯುತ್ತದೆ, ಆ ಹೊಳಪೇ ಬಲಿತ ಪದರ. ನಿಲ್ಲಿಸಲೇಬೇಕಾದರೆ ಮೊದಲು ಕಟರನ್ನು ಲೋಹದಿಂದ ಹಿಂದೆಗೆಯಬೇಕು.

ಎಣ್ಣೆಯ ವಿಷಯದಲ್ಲಿ ಜಿಪುಣತನ ಸಲ್ಲದು. 316 ಶಾಖವನ್ನು ಸಾದಾ ಉಕ್ಕಿನ ಸುಮಾರು ಮೂರನೇ ಒಂದರಷ್ಟು ಮಾತ್ರ ಹರಿಸುವುದರಿಂದ ಹುಟ್ಟಿದ ಬಿಸಿಯೆಲ್ಲ ಕಟರಿನ ಅಂಚಿನಲ್ಲೇ ನಿಲ್ಲುತ್ತದೆ. ಗಂಧಕಯುಕ್ತ ಕಟಿಂಗ್ ಆಯಿಲ್ಲನ್ನು ಬ್ರಷ್ಷಿನಿಂದ ಬಿಡದೆ ಹಚ್ಚುತ್ತಿರಬೇಕು, ಇಲ್ಲವೇ ನೀರಿನಲ್ಲಿ ಕದಡುವ ಕೂಲಂಟನ್ನು 8ರಿಂದ 10 ಶೇಕಡಾ ಗಾಢತೆಯಲ್ಲಿ ಹರಿಸಬೇಕು. ಕರಾವಳಿಯ ಮನೆಯಾದ್ದರಿಂದ ತೆಂಗಿನೆಣ್ಣೆ ಸದಾ ಕೈಗೆಟುಕುವಂತಿರುತ್ತದೆ. ಕೈಯಿಂದ ಟ್ಯಾಪ್ ಹಾಕುವಾಗ ನಾನೂ ಬಳಸುತ್ತೇನೆ, ಆದರೆ ಈ ಕೆಲಸಕ್ಕೆ ಅದು ತಾಳುವುದಿಲ್ಲ, ಹೊಗೆಯಾಗಿ ಅಂಟಂಟಾಗುತ್ತದೆ.

ಜಾಗರೂಕತೆಯ ಬಗ್ಗೆ ಎರಡು ಮಾತು. ಮುಂಡು, ಲುಂಗಿ, ಸಡಿಲ ತೋಳಿನ ಅಂಗಿ, ಕೈಗವಸು ಇವು ತಿರುಗುವ ಕಟರಿನ ಹತ್ತಿರ ಇರಲೇಬಾರದು, ಕಣ್ಣಿಗೆ ಕನ್ನಡಕವಿರಲೇಬೇಕು. ಸ್ಟೇನ್‌ಲೆಸ್ಸಿನ ತುರಿ ಬ್ಲೇಡಿನಷ್ಟು ಹರಿತವಾಗಿರುವುದರಿಂದ ಬ್ರಷ್ಷಿನಿಂದಲೇ ಗುಡಿಸಬೇಕು. ಆಟಿಯ ಮಳೆಯಲ್ಲಿ ನೆಲವೂ ಗೋಡೆಯೂ ಬೆವರುವ ನಮ್ಮ ಊರಿನಲ್ಲಿ ಮೆಷಿನ್ನಿನ ವೈರಿಂಗಿಗೆ ಅರ್ಥಿಂಗ್ ಮತ್ತು 30 ಮಿಲಿಆಂಪಿಯರಿನ ಲೀಕೇಜ್ ಬ್ರೇಕರ್ ಇಲ್ಲದೆ ಕೂಲಂಟ್ ಹರಿಸಬಾರದು.

ಶಾಫ್ಟನ್ನು ತಯಾರಿಸಿ ಹಿಡಿಯುವುದು

ಲೇತಿನಲ್ಲಿ ಎರಡೂ ತುದಿಗೆ ಸೆಂಟರ್ ಡ್ರಿಲ್ ಹಾಕಿ, ಹೊರವ್ಯಾಸವನ್ನು ಮೇಲೆ ಹೇಳಿದ ಅಳತೆಗೆ ತರಬೇಕು. ಕೊನೆಯ ಹಾದಿಯಲ್ಲಿ 0.05 ಮಿ.ಮೀ. ಮಾತ್ರ ಉಳಿಸಿಕೊಂಡರೆ ಟೂಲು ಕತ್ತರಿಸದೆ ಉಜ್ಜುತ್ತದೆ. ವ್ಯಾಸದಲ್ಲಿ ಕನಿಷ್ಠ 0.4 ಮಿ.ಮೀ. ಇರುವಂತೆ ಲೆಕ್ಕ ಹಾಕಿಕೊಂಡೇ ಬರಬೇಕು. ಅಳತೆಯನ್ನು ಶಾಫ್ಟು ತಣಿದ ಮೇಲೆಯೇ ತೆಗೆಯಬೇಕು, ಏಕೆಂದರೆ 40 ಡಿಗ್ರಿ ಹೆಚ್ಚು ಬಿಸಿಯಾದ 25 ಮಿ.ಮೀ. ಶಾಫ್ಟು 0.016 ಮಿ.ಮೀ. ಉಬ್ಬಿರುತ್ತದೆ, ನಮಗಿರುವ ಅವಕಾಶವೇ 0.02.

ಹಲ್ಲು ಎಲ್ಲಿ ಕೊನೆಯಾಗುತ್ತದೆ ಎಂಬುದನ್ನೂ ಈಗಲೇ ಯೋಚಿಸಬೇಕು. ದುಂಡನೆಯ ಕಟರ್ ನೇರವಾಗಿ ನಿಲ್ಲುವುದಿಲ್ಲ, ಪೂರ್ಣ ಆಳದಿಂದ ಮೇಲಕ್ಕೆ ಬಾಗುತ್ತ ಹೊರಬರುತ್ತದೆ. 50 ಮಿ.ಮೀ. ಕಟರ್ 2.5 ಮಿ.ಮೀ. ಆಳದಲ್ಲಿದ್ದಾಗ ಈ ಇಳಿಜಾರಿನ ಉದ್ದ ಸುಮಾರು 11 ಮಿ.ಮೀ. ಅಷ್ಟು ಜಾಗದಲ್ಲಿ ಬೇರಿಂಗಾಗಲಿ ಆಯಿಲ್ ಸೀಲಾಗಲಿ ಕೂರುವಂತಿರಬಾರದು.

ಆಮೇಲೆ ಶಾಫ್ಟಿನ ಒಂದು ತುದಿಯನ್ನು ಡಿವೈಡಿಂಗ್ ಹೆಡ್ಡಿನ ಚಕ್ಕಿನಲ್ಲಿ, ಇನ್ನೊಂದನ್ನು ಟೇಲ್‌ಸ್ಟಾಕಿನ ಸೆಂಟರಿನಲ್ಲಿ ಹಿಡಿಯಬೇಕು. ಚಕ್ಕಿನ ಹಲ್ಲುಗಳು ಗುರುತು ಬೀಳಿಸದಂತೆ ತಾಮ್ರದ ಪಟ್ಟಿ ಸುತ್ತಬೇಕು. ಡಯಲ್ ಗೇಜನ್ನು ಶಾಫ್ಟಿನ ಮೇಲ್ಗಡೆ ಮತ್ತು ಪಕ್ಕದಲ್ಲಿ ಇಟ್ಟು ಮೇಜನ್ನು ಉದ್ದಕ್ಕೂ ಓಡಿಸಿ, 100 ಮಿ.ಮೀ.ಗೆ 0.02ಕ್ಕಿಂತ ಹೆಚ್ಚು ಏರಿಳಿತವಿಲ್ಲದಂತೆ ಸರಿಪಡಿಸಬೇಕು. ಶಾಫ್ಟನ್ನು ಒಂದು ಸುತ್ತು ತಿರುಗಿಸಿ ಓಲಾಟವನ್ನೂ ನೋಡಿಕೊಳ್ಳಬೇಕು. ಈ ಹೊಂದಾಣಿಕೆಗೆ ಕೆಲವೊಮ್ಮೆ ಒಂದು ಮಧ್ಯಾಹ್ನವೇ ಹಿಡಿಯುತ್ತದೆ, ಕಡಿಯುವ ಕೆಲಸ ಅದಕ್ಕಿಂತ ಬೇಗ ಮುಗಿಯುತ್ತದೆ.

ಆರು ಭಾಗ ಮಾಡುವುದು

ಡಿವೈಡಿಂಗ್ ಹೆಡ್ಡಿನ ಹಿಡಿಕೆ 40 ಸುತ್ತು ತಿರುಗಿದರೆ ಶಾಫ್ಟು ಒಂದು ಸುತ್ತು ತಿರುಗುತ್ತದೆ. ಆರು ಭಾಗಕ್ಕೆ 40ನ್ನು 6ರಿಂದ ಭಾಗಿಸಿದರೆ 6 ಪೂರ್ಣ ಸುತ್ತು ಮತ್ತು ಮೂರನೇ ಎರಡು ಸುತ್ತು ಬರುತ್ತದೆ. ಹಿಡಿಕೆಯ ಪಿನ್ನು ಕೂರುವ ತೂತುಗಳಿರುವ ಪ್ಲೇಟಿನಲ್ಲಿ 18 ತೂತಿನ ವೃತ್ತವನ್ನು ಆರಿಸಿಕೊಂಡರೆ ಮೂರನೇ ಎರಡು ಎಂದರೆ 12 ಅಂತರ.

ಅಂತರ ಎಂಬ ಪದವನ್ನು ನಾನು ಬೇಕೆಂದೇ ಬಳಸಿದ್ದೇನೆ. ನನ್ನ ಮೊದಲ ಶಾಫ್ಟಿನಲ್ಲಿ ಪಿನ್ನು ಕೂತಿದ್ದ ತೂತನ್ನೇ ಒಂದು ಎಂದು ಹಿಡಿದು ಹನ್ನೆರಡು ತೂತು ಎಣಿಸಿ, ಅಲ್ಲಿಗೆ ಎಣಿಕೆಯ ಗುರುತಾದ ಸೆಕ್ಟರ್ ಕೈಯನ್ನು ಬಿಗಿ ಮಾಡಿಬಿಟ್ಟಿದ್ದೆ. ಅದು ಹನ್ನೊಂದೇ ಅಂತರ. ಹಿಡಿಕೆಯ ಒಂದು ಸುತ್ತಿಗೆ ಶಾಫ್ಟು 9 ಡಿಗ್ರಿ ತಿರುಗುವುದರಿಂದ ಒಂದು ಅಂತರದ ತಪ್ಪಿಗೆ ಅರ್ಧ ಡಿಗ್ರಿ. ಕಣ್ಣಿಗೆ ಏನೂ ಕಾಣುವುದಿಲ್ಲ. ಆರನೆಯ ಹಲ್ಲಿಗೆ ಬರುವಾಗ ಅದು ಎರಡೂವರೆ ಡಿಗ್ರಿಯಾಗಿ, ಹೊರ ಅಂಚಿನಲ್ಲಿ ಅರ್ಧ ಮಿಲಿಮೀಟರ್ ಮೀರಿತ್ತು. ಆರು ಹಲ್ಲೂ ಅಂದವಾಗಿ ಕಡಿದಿದ್ದವು, ಹಬ್ಬು ಮಾತ್ರ ಒಳಗೆ ಹೋಗಲಿಲ್ಲ. ಆ ತುಂಡು ಈಗ ಶೆಡ್ಡಿನ ಬಾಗಿಲಿಗೆ ಗೂಟವಾಗಿದೆ. ಹೊರಟ ತೂತನ್ನೂ ಸೇರಿಸಿ ಎಣಿಸುವುದಾದರೆ ಸೆಕ್ಟರ್ ಕೈಗಳ ನಡುವೆ 13 ತೂತು ಇರಬೇಕು.

ಅಂದಿನಿಂದ ನಾನು ಕಡಿಯುವ ಮೊದಲು ಒಂದು ಒಣ ಸುತ್ತು ಹಾಕುತ್ತೇನೆ. ಶಾಫ್ಟಿಗೆ ಮಾರ್ಕರ್ ಶಾಯಿ ಬಳಿದು, ಕಟರಿನ ಅಂಚನ್ನು ತಾಗಿಯೂ ತಾಗದಂತೆ ಹಿಡಿದು ಗೆರೆ ಹಾಕಿ, ಆರು ಬಾರಿ ತಿರುಗಿಸಿ ಏಳನೆಯ ಗೆರೆ ಮೊದಲನೆಯದರ ಮೇಲೇ ಬೀಳುತ್ತದೆಯೇ ಎಂದು ನೋಡಬೇಕು. ಹಿಡಿಕೆಯನ್ನು ಯಾವಾಗಲೂ ಒಂದೇ ದಿಕ್ಕಿಗೆ ತಿರುಗಿಸಬೇಕು, ತೂತು ದಾಟಿ ಹೋದರೆ ಕಾಲು ಸುತ್ತಿನಷ್ಟು ಹಿಂದಕ್ಕೆ ಬಂದು ಮತ್ತೆ ಮುಂದೊತ್ತಬೇಕು, ಪ್ರತಿ ಬಾರಿಯೂ ಡಿವೈಡಿಂಗ್ ಹೆಡ್ಡಿನ ಸ್ಪಿಂಡಲ್ ಲಾಕ್ ಬಿಗಿ ಮಾಡಬೇಕು. ಡಿವೈಡಿಂಗ್ ಹೆಡ್ ಇಲ್ಲದವರಿಗೆ 36 ತೂತಿನ ಸ್ಪಿನ್ ಇಂಡೆಕ್ಸರ್ ಸಾಕಾಗುತ್ತದೆ. ಅದರಲ್ಲಿ ಪ್ರತಿ ತೂತಿಗೆ 10 ಡಿಗ್ರಿ, ಆರು ಅಂತರಕ್ಕೊಂದು ಹಲ್ಲು.

ಪಕ್ಕೆಗಳನ್ನು ಕಡಿಯುವುದು

ಲಂಬ ಮೆಷಿನ್ನಿನಲ್ಲಿ ಕಟರ್ ಮಲಗಿದ ತಟ್ಟೆಯಂತೆ ತಿರುಗುತ್ತದೆ, ಶಾಫ್ಟಿನ ಪಕ್ಕದಿಂದ ಒಳಗೆ ಬರುತ್ತದೆ. ಹಲ್ಲಿನ ಪಕ್ಕೆ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಕಟರನ್ನು ಹಿಡಿದು ತಿರುಗಿಸುವ ಸ್ಪಿಂಡಲ್ಲಿನ ಎತ್ತರವೂ, ಎಷ್ಟು ಆಳ ಎಂಬುದನ್ನು ಮೇಜಿನ ಅಡ್ಡ ಸ್ಕ್ರೂವೂ ನಿರ್ಧರಿಸುತ್ತವೆ. ಮಾಮೂಲಿ ಕ್ರಮದಲ್ಲಿ ಹಲ್ಲಿನ ಮೇಲಿನ ಪಕ್ಕೆಯನ್ನು ಕಟರಿನ ಕೆಳಮುಖದಿಂದ ಕಡಿದು, ಆಮೇಲೆ ಕಟರನ್ನು ಅದರ ಅಗಲ ಮತ್ತು ಹಲ್ಲಿನ ಅಗಲ ಸೇರಿದಷ್ಟು ಕೆಳಗಿಳಿಸಿ ಮೇಲ್ಮುಖದಿಂದ ಇನ್ನೊಂದು ಪಕ್ಕೆಯನ್ನು ಕಡಿಯುತ್ತಾರೆ. ಇದರಲ್ಲಿ ಕಟರಿನ ಅಗಲ, ಅದರ ಓಲಾಟ, ಸ್ಪಿಂಡಲ್ ಇಳಿಸಿದ್ದರ ಅಳತೆ ಮೂರೂ ಸರಿಯಿರಬೇಕು. ಒಂದು ತಪ್ಪಿದರೂ ಹಲ್ಲು ಕೇಂದ್ರದಿಂದ ಸರಿದು ನಿಲ್ಲುತ್ತದೆ.

ನಾನು ಅನುಸರಿಸುವ ಉಪಾಯ ಬೇರೆ. ಶಾಫ್ಟಿನ ಬಲಕ್ಕಿರುವ ಹಲ್ಲಿನ ಮೇಲಿನ ಪಕ್ಕೆಯನ್ನು ಆರು ಹಲ್ಲಿಗೂ ಕಡಿದ ಮೇಲೆ, ಸ್ಪಿಂಡಲ್ಲಿನ ಎತ್ತರವನ್ನು ಮುಟ್ಟದೆ, ಮೇಜನ್ನು ಉದ್ದಕ್ಕೆ ಸರಿಸಿ ಶಾಫ್ಟನ್ನು ಕಟರಿನಿಂದ ಬಿಡಿಸಿ, ಅಡ್ಡಕ್ಕೆ ದಾಟಿಸಿ, ಎಡಬದಿಯಲ್ಲಿರುವ ಹಲ್ಲಿನ ಮೇಲಿನ ಪಕ್ಕೆಯನ್ನು ಅದೇ ಕೆಳಮುಖದಿಂದ ಕಡಿಯುತ್ತೇನೆ. ಬಲಗಡೆ ಮೇಲಿದ್ದ ಪಕ್ಕೆ, ಶಾಫ್ಟು ಅರ್ಧ ಸುತ್ತಿ ಎಡಕ್ಕೆ ಬಂದಾಗ ಕೆಳಗಾಗುತ್ತದೆ. ಹಾಗಾಗಿ ಎಡಗಡೆ ನಾವು ಕಡಿಯುವುದು ಪ್ರತಿ ಹಲ್ಲಿನ ಇನ್ನೊಂದು ಪಕ್ಕೆಯನ್ನೇ. ಎರಡೂ ಪಕ್ಕೆಗೆ ಎತ್ತರ ಒಂದೇ ಆದ್ದರಿಂದ ಹಲ್ಲು ತಾನಾಗಿ ಕೇಂದ್ರದಲ್ಲಿರುತ್ತದೆ, ಎತ್ತರದಲ್ಲಿ ಏನಾದರೂ ತಪ್ಪಿದ್ದರೆ ಅದು ಹಲ್ಲಿನ ಅಗಲದಲ್ಲಿ ಇಮ್ಮಡಿಯಾಗಿ ಕಾಣಿಸಿಕೊಳ್ಳುತ್ತದೆ. ಅಗಲವನ್ನು ಅಳೆದು ಹೆಚ್ಚಿರುವುದರ ಅರ್ಧದಷ್ಟು ಸ್ಪಿಂಡಲ್ ಇಳಿಸಿದರೆ ಸರಿಹೋಯಿತು. ಅಡ್ಡಕ್ಕೆ 75 ಮಿ.ಮೀ.ಗಿಂತ ತುಸು ಹೆಚ್ಚು ಓಟ ಇದಕ್ಕೆ ಬೇಕಾಗುತ್ತದೆ, ಚಿಕ್ಕ ಮೆಷಿನ್ನುಗಳಲ್ಲೂ ಸಾಮಾನ್ಯವಾಗಿ ಅಷ್ಟು ಇರುತ್ತದೆ.

ಮೊದಲು ಆಳದ ಸೊನ್ನೆಯನ್ನು ಹಿಡಿಯಬೇಕು. ಕಟರಿನ ಅಗಲದ ನಡುಭಾಗ ಶಾಫ್ಟಿನ ನಡುಮಟ್ಟಕ್ಕೆ ಬರುವಂತೆ ಇಳಿಸಿ, ಎಣ್ಣೆಯಲ್ಲಿ ಅಂಟಿಸಿದ ತೆಳುಕಾಗದವನ್ನು ಕಟರ್ ಎಳೆದುಕೊಳ್ಳುವವರೆಗೆ ಹತ್ತಿರ ತರಬೇಕು. ಕಾಗದದ ದಪ್ಪವನ್ನು ಮೊದಲೇ ಅಳೆದಿಟ್ಟುಕೊಳ್ಳಬೇಕು, ನನ್ನದು 0.05 ಮಿ.ಮೀ. ಬಲಗಡೆ, ಎಡಗಡೆ ಎರಡರಲ್ಲೂ ಹೀಗೆ ಮಾಡಿ ಅಡ್ಡ ಸ್ಕ್ರೂವಿನ ಅಂಕಗಳನ್ನು ಬೇರೆ ಬೇರೆಯಾಗಿ ಬರೆದಿಡಬೇಕು. ಎರಡು ಬದಿಗೂ ಶಾಫ್ಟಿನ ಕಡೆಗೆ ಬರುತ್ತಲೇ ಸೊನ್ನೆ ಹಿಡಿಯುವುದರಿಂದ ಸ್ಕ್ರೂವಿನ ಸಡಿಲ ಲೆಕ್ಕ ಕೆಡಿಸುವುದಿಲ್ಲ. ಕಟರನ್ನು ಪಕ್ಕೆಯ ಎತ್ತರದಲ್ಲಿಟ್ಟೇ ಸೊನ್ನೆ ಹಿಡಿದರೆ ಶಾಫ್ಟಿನ ದುಂಡುತನದಿಂದಾಗಿ ಕಾಲು ಮಿಲಿಮೀಟರಿನಷ್ಟು ಆಳ ಹೆಚ್ಚಾಗುತ್ತದೆ.

ಆಮೇಲೆ ಎತ್ತರ. ಕಟರಿನ ಕೆಳಮುಖವನ್ನು ಶಾಫ್ಟಿನ ನೆತ್ತಿಯ ಮೇಲೆ ಅದೇ ಕಾಗದದಿಂದ ತಾಗಿಸಬೇಕು. ಈಗ ಆ ಮುಖ ಕೇಂದ್ರದಿಂದ 12.55 ಮಿ.ಮೀ. ಮೇಲಿದೆ. ಹಲ್ಲಿನ ಅರ್ಧ ಅಗಲ 2.5ಕ್ಕೆ ಬರಲು 10.05 ಇಳಿಸಬೇಕು, ಆದರೆ ಮೊದಲ ಸುತ್ತಿನಲ್ಲಿ 0.2 ಉಳಿಸಿಕೊಳ್ಳುವುದಕ್ಕಾಗಿ 9.85 ಮಾತ್ರ ಇಳಿಸಿ ಲಾಕ್ ಬಿಗಿ ಮಾಡಬೇಕು. ಚಿಕ್ಕ ಮೆಷಿನ್ನುಗಳ ತಲೆ ಲಾಕ್ ಬಿಗಿ ಮಾಡುವಾಗಲೇ ಒಂದಿಷ್ಟು ಜಾರುವುದುಂಟು, ಆದ್ದರಿಂದ ಸ್ಕೇಲನ್ನು ನಂಬದೆ ಡಯಲ್ ಗೇಜಿನಲ್ಲೇ ಓದಬೇಕು.

ಬಲಗಡೆ ಆರು ಹಲ್ಲಿಗೂ ಮೊದಲು 1.5 ಮಿ.ಮೀ. ಆಳದ ಒಂದು ಸುತ್ತು, ಆಮೇಲೆ 2.5 ಮಿ.ಮೀ.ವರೆಗಿನ ಇನ್ನೊಂದು ಸುತ್ತು ಹಾಕಬೇಕು. ಎಡಗಡೆಗೆ ದಾಟಿ ಹಾಗೆಯೇ ಎರಡು ಸುತ್ತು. ಮೇಜು ಓಡುವ ದಿಕ್ಕಿನ ಬಗ್ಗೆ ಇಲ್ಲಿ ಸ್ವಲ್ಪ ಯೋಚನೆ ಬೇಕು. ಕಟರಿನ ಹಲ್ಲು ಚಲಿಸುವ ಕಡೆಗೇ ಶಾಫ್ಟು ಸಾಗಿದರೆ ಹಲ್ಲು ದಪ್ಪ ತುರಿಯಿಂದಲೇ ಆರಂಭಿಸುವುದರಿಂದ ಉಜ್ಜಾಟ ಇರುವುದಿಲ್ಲ, ಸ್ಟೇನ್‌ಲೆಸ್ಸಿಗೆ ಅದೇ ಒಳ್ಳೆಯದು. ಆದರೆ ಸ್ಕ್ರೂವಿನಲ್ಲಿ ಸಡಿಲವಿದ್ದರೆ ಕಟರ್ ಮೇಜನ್ನೇ ತನ್ನ ಕಡೆಗೆ ಎಳೆದುಕೊಂಡು ಹಲ್ಲು ಮುರಿಯುತ್ತದೆ. ನನ್ನ ಮೆಷಿನ್ನಿನಲ್ಲಿ ಕಾಲು ಮಿಲಿಮೀಟರ್ ಸಡಿಲ ಇರುವುದರಿಂದ ನಾನು ಕಟರಿನ ಹಲ್ಲಿಗೆ ಎದುರಾಗಿಯೇ ಓಡಿಸುತ್ತೇನೆ, ಉಜ್ಜಾಟ ಕಡಿಮೆಯಾಗಲು ಮೇಜಿನ ಓಟವನ್ನು ಬಿಗಿಯಾಗಿ ಕಾಯ್ದುಕೊಳ್ಳುತ್ತೇನೆ. ಎಡಗಡೆಗೆ ದಾಟಿದಾಗ ಈ ಎದುರು ದಿಕ್ಕು ತಿರುವುಮುರುವಾಗುತ್ತದೆ ಎಂಬುದನ್ನು ಮರೆಯಬಾರದು. ನಾನು ಮೇಜಿನ ಮುಂಭಾಗದಲ್ಲಿ ಎರಡು ಬದಿಗೂ ಬಾಣದ ಗುರುತು ಬರೆದಿಟ್ಟುಕೊಂಡಿದ್ದೇನೆ.

ಈಗ ಹಲ್ಲಿನ ಅಗಲ 5.4ರ ಆಸುಪಾಸಿನಲ್ಲಿರುತ್ತದೆ. ಶಾಫ್ಟನ್ನು ತಣಿಯಲು ಬಿಟ್ಟು, ಅಂಚಿನಲ್ಲಿ ಎದ್ದ ಚೂಪು ಉಳಿಕೆಯನ್ನು (ಬರ್) ತೆಗೆದು, ಮೈಕ್ರೋಮೀಟರಿನಿಂದ ಎರಡು ಮೂರು ಹಲ್ಲುಗಳನ್ನು ಅಳೆಯಬೇಕು. ಉದಾಹರಣೆಗೆ 5.42 ಬಂತು, ನಮಗೆ ಜಾರುವ ಹೊಂದಿಕೆಗೆ 4.97 ಬೇಕು ಎಂದರೆ ವ್ಯತ್ಯಾಸ 0.45, ಸ್ಪಿಂಡಲ್ಲನ್ನು ಇಳಿಸಬೇಕಾದ್ದು 0.225. ಮಾನಕದ ಪ್ರಕಾರ 5 ಮಿ.ಮೀ. ಹಲ್ಲು ಸುಲಭವಾಗಿ ಜಾರಬೇಕಾದರೆ 4.922ರಿಂದ 4.970ರ ಒಳಗೂ, ಬಿಗಿಯಾಗಿ ಜಾರಬೇಕಾದರೆ 4.960ರಿಂದ 4.990ರ ಒಳಗೂ ಇರಬೇಕು. ಈ ಕೊನೆಯ ಸುತ್ತನ್ನು ಪೂರ್ಣ ಆಳದಲ್ಲಿ ಒಂದೇ ಹಾದಿಯಲ್ಲಿ ಮುಗಿಸಬೇಕು. ಸಾದಾ ಉಕ್ಕಿನಲ್ಲಿ ಮಾಡುವಂತೆ 0.02 ಮಿ.ಮೀ.ನ ಸವರುವ ಹಾದಿಗಳನ್ನು ಹಾಕಹೊರಟರೆ ಕಟರ್ ಲೋಹದೊಳಗೆ ಇಳಿಯುವುದೇ ಇಲ್ಲ, ಪಕ್ಕೆ ಬಲಿತು ಹೊಳೆಯುತ್ತದೆ ಅಷ್ಟೇ. ಆದ್ದರಿಂದಲೇ ಒರಟು ಸುತ್ತಿನಲ್ಲಿ 0.2 ಮಿ.ಮೀ. ಉಳಿಸಿಕೊಂಡದ್ದು.

ಬುಡವನ್ನು ಸವರುವುದು

ಪಕ್ಕೆಗಳು ಮುಗಿದಾಗ ಎರಡು ಹಲ್ಲುಗಳ ನಡುವೆ ಒಂದು ಏಣು ಉಳಿದಿರುತ್ತದೆ. ಕಟರ್ ಬದಲಿಸಿ 4 ಮಿ.ಮೀ. ಎಂಡ್ ಮಿಲ್ ಹಾಕಿ, ಅದನ್ನು ಶಾಫ್ಟಿನ ನೆತ್ತಿಯ ಸರಿ ಮೇಲಕ್ಕೆ ತಂದು, ಶಾಫ್ಟನ್ನು ಎರಡು ಹಲ್ಲಿನ ನಡುವಿನ ಜಾಗ ನೆತ್ತಿಗೆ ಬರುವಂತೆ ತಿರುಗಿಸಬೇಕು. ನಮ್ಮ ಹಲ್ಲುಗಳು ಪಕ್ಕದಲ್ಲಿದ್ದುದರಿಂದ ನೆತ್ತಿಯಲ್ಲಿ ಆಗಲೇ ನಡುವಿನ ಜಾಗವೇ ಇರುತ್ತದೆ; ಏಕೆಂದರೆ ಪಕ್ಕದಿಂದ ನೆತ್ತಿಗೆ 90 ಡಿಗ್ರಿ, ಹಲ್ಲುಗಳು 60 ಮತ್ತು 120ರಲ್ಲಿವೆ. ಇದು ಈ ಕ್ರಮದ ಇನ್ನೊಂದು ಅನುಕೂಲ, ಒಂದು ತಿರುವಿನ ಲೆಕ್ಕ ಉಳಿಯಿತು.

ಹೊರವ್ಯಾಸದ ಮಟ್ಟದಿಂದ 2.2 ಮಿ.ಮೀ. ಕೆಳಗೆ ಇಳಿದು ನಡುವೆ ಒಂದು ಹಾದಿ ಹಾಕಬೇಕು. ಎಂಡ್ ಮಿಲ್ಲಿನ ತಳ ಸಪಾಟಾಗಿರುವುದರಿಂದ ನಡುವೆ ಬುಡ 10.3 ಮಿ.ಮೀ. ತ್ರಿಜ್ಯದಲ್ಲಿದ್ದರೆ ಹಾದಿಯ ಅಂಚಿನಲ್ಲಿ 10.49 ಇರುತ್ತದೆ, ಎಲ್ಲೂ 21ರ ಅರ್ಧವಾದ 10.5 ಮೀರುವುದಿಲ್ಲ. ಆಮೇಲೆ 18ರ ವೃತ್ತದಲ್ಲಿ 4 ಅಂತರ ಅಂದರೆ 2 ಡಿಗ್ರಿಯಂತೆ ಆಚೆಗೊಮ್ಮೆ ಈಚೆಗೊಮ್ಮೆ ತಿರುಗಿಸಿ ಅದೇ ಆಳದಲ್ಲಿ ಓಡಿಸಿದರೆ ಏಣಿನ ಉಳಿಕೆ ಪೂರ್ತಿ ಹೋಗುತ್ತದೆ. ಹಿಂದಕ್ಕೆ ತಿರುಗಿಸುವಾಗ ಬೇಕಾದ ತೂತನ್ನು ದಾಟಿ ಹೋಗಿ ಮುಂದಕ್ಕೆ ಬಂದೇ ಪಿನ್ನು ಕೂರಿಸಬೇಕು. ಸುತ್ತು 1200, ಮೇಜಿನ ಓಟ ನಿಮಿಷಕ್ಕೆ 70 ಮಿ.ಮೀ.ನಷ್ಟು ಇರಲಿ, ಚಿಕ್ಕ ಎಂಡ್ ಮಿಲ್ ಎಣ್ಣೆಯಿಲ್ಲದೆ ಒಂದು ಕ್ಷಣ ಓಡಿದರೂ ಅಂಚು ಸುಟ್ಟುಕೊಳ್ಳುತ್ತದೆ.

ಬರ್, ಆಮ್ಲ, ಹಬ್ಬು

ಸ್ಟೇನ್‌ಲೆಸ್ಸಿನ ಬರ್ ಮೆತ್ತಗಿರುವುದಿಲ್ಲ. ಸಣ್ಣ ಹಲ್ಲಿನ ಹೊಸ ಅರದಿಂದ ಎಲ್ಲ ಅಂಚುಗಳನ್ನು 0.3 ಮಿ.ಮೀ.ನಷ್ಟು ಮುರಿಯಬೇಕು. ಹೊಸ ಅರ ಎಂದದ್ದಕ್ಕೆ ಕಾರಣ, ಸಾದಾ ಉಕ್ಕಿಗೆ ಬಳಸಿದ ಅರ, ಕಬ್ಬಿಣದ ವೈರ್ ಬ್ರಷ್, ಹಳೆಯ ಗ್ರೈಂಡಿಂಗ್ ಚಕ್ರ ಇವೆಲ್ಲ ಕಬ್ಬಿಣದ ಕಣಗಳನ್ನು ಸ್ಟೇನ್‌ಲೆಸ್ಸಿನ ಮೈಗೆ ಒತ್ತಿಬಿಡುತ್ತವೆ. ನಮ್ಮ ಕಡಲ ಗಾಳಿಯಲ್ಲಿ ಅವು ಕೆಲವೇ ದಿನಗಳಲ್ಲಿ ಕೆಂಪು ಚುಕ್ಕೆಗಳಾಗಿ ಏಳುತ್ತವೆ, ಆಗ ಜನ ಸ್ಟೇನ್‌ಲೆಸ್ಸೇ ನಕಲಿ ಎಂದು ಅಂಗಡಿಯವರನ್ನು ಬೈಯುತ್ತಾರೆ. ಎಣ್ಣೆಯನ್ನು ಸೋಪಿನಿಂದ ತೊಳೆದು, ನೀರಿನಲ್ಲಿ ತೂಕದ 4ರಿಂದ 10 ಶೇಕಡಾ ಸಿಟ್ರಿಕ್ ಆಮ್ಲ, ಅಂದರೆ ದಿನಸಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು, ಕರಗಿಸಿ ಪ್ಲಾಸ್ಟಿಕ್ ಪಾತ್ರೆಯಲ್ಲಿ ಶಾಫ್ಟನ್ನು ಕನಿಷ್ಠ 20 ನಿಮಿಷ ಮುಳುಗಿಸಿಟ್ಟು, ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು ಒರೆಸಿದರೆ ಆ ಕಬ್ಬಿಣದ ಕಣಗಳು ಕರಗಿಹೋಗುತ್ತವೆ. ಇದು 304, 316ಕ್ಕೆ ಹೇಳಿದ ಮಾತು; 303ರಂಥ ಗಂಧಕದ ಜಾತಿಗಳು ಇದರಲ್ಲಿ ಮಸುಕಾಗಬಹುದು.

ಹಬ್ಬನ್ನು ಮಾತ್ರ ಸ್ಟೇನ್‌ಲೆಸ್ಸಿನಲ್ಲಿ ಮಾಡಬಾರದು. ಸ್ಟೇನ್‌ಲೆಸ್ಸಿನ ಮೇಲೆ ಸ್ಟೇನ್‌ಲೆಸ್ ಒತ್ತಡದಲ್ಲಿ ಜಾರಿದರೆ ಎರಡೂ ಒಂದಕ್ಕೊಂದು ಕಚ್ಚಿಕೊಂಡು ಬಿಡಿಸಲಾಗದಂತೆ ಹಿಡಿದುಬಿಡುತ್ತವೆ. ಗನ್‌ಮೆಟಲ್ ಅಥವಾ ಅಲ್ಯೂಮಿನಿಯಂ ಕಂಚು ಒಳ್ಳೆಯದು. 21.2 ಮಿ.ಮೀ. ತೂತು ಕೊರೆದು, ಲೇತಿನಲ್ಲಿ ಬೋರಿಂಗ್ ಬಾರಿಗೆ 5 ಮಿ.ಮೀ. ಅಗಲದ ಟೂಲು ಸಿಕ್ಕಿಸಿ, ಸ್ಪಿಂಡಲ್ಲನ್ನು ಲಾಕ್ ಮಾಡಿ, ಸ್ಯಾಡಲ್ಲನ್ನು ಕೈಯಿಂದ ಹಿಂದೆ ಮುಂದೆ ಓಡಿಸುತ್ತ ಪ್ರತಿ ಓಟಕ್ಕೆ 0.05 ಮಿ.ಮೀ. ಇಳಿಸಿದರೆ ಗನ್‌ಮೆಟಲ್ಲಿನಲ್ಲಿ ತೋಡು ಬೀಳುತ್ತದೆ. ಇದಕ್ಕೂ ಆರು ಭಾಗದ ಏರ್ಪಾಡು ಲೇತಿನ ಸ್ಪಿಂಡಲ್ಲಿಗೆ ಬೇಕು. ತೋಳು ನೋಯುವ ಕೆಲಸ, ಒಂದು ಹಬ್ಬಿಗೆ ಅರ್ಧ ದಿನ. ತಾಳ್ಮೆಯಿಲ್ಲದವರು ಬೈಕಂಪಾಡಿ ಅಥವಾ ಮಣಿಪಾಲದ ಕೈಗಾರಿಕಾ ಪ್ರದೇಶದಲ್ಲಿ ಸ್ಲಾಟಿಂಗ್ ಮೆಷಿನ್ ಅಥವಾ ವೈರ್-ಕಟ್ ಇರುವವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಬಹುದು, ಆದರೆ ಹೋಗುವಾಗ ಶಾಫ್ಟನ್ನೂ ಜೊತೆಗೆ ಒಯ್ಯಬೇಕು.

ಹಬ್ಬನ್ನು ಮೊದಲ ಬಾರಿ ಒಣಗಿದ್ದಂತೆ ತುರುಕಬಾರದು. ಹಲ್ಲುಗಳಿಗೆ ಮಾರ್ಕಿಂಗ್ ನೀಲಿ ಬಳಿದು ಮೆಲ್ಲನೆ ಸೇರಿಸಿ, ಎಲ್ಲಿ ನೀಲಿ ಉಜ್ಜಿಹೋಗಿದೆ ಎಂದು ನೋಡಿ, ಅರವನ್ನು ಶಾಫ್ಟಿಗೆ ಹಚ್ಚದೆ ಹಬ್ಬಿಗೇ ಹಚ್ಚಬೇಕು. ಆರು ಸ್ಥಾನಗಳಲ್ಲೂ ಕೂರಿಸಿ ನೋಡಿದರೆ ಯಾವುದಾದರೂ ಒಂದರಲ್ಲಿ ಉಳಿದವಕ್ಕಿಂತ ಸಲೀಸಾಗಿ ಜಾರುತ್ತದೆ. ಆ ಸ್ಥಾನದಲ್ಲಿ ಹಬ್ಬಿಗೂ ಶಾಫ್ಟಿನ ತುದಿಗೂ ಸೆಂಟರ್ ಪಂಚಿನಿಂದ ಒಂದೊಂದು ಚುಕ್ಕೆ ಹೊಡೆದು, ನೀರಿಗೆ ತೊಳೆದುಹೋಗದ ಮೆರೈನ್ ಗ್ರೀಸ್ ಹಚ್ಚಿ ಜೋಡಿಸಬೇಕು. ಮುಂದೆ ಪಂಪನ್ನು ಬಿಚ್ಚುವವರು ಯಾರೇ ಆದರೂ ಚುಕ್ಕೆಗೆ ಚುಕ್ಕೆ ಸೇರಿಸಿಯೇ ಮತ್ತೆ ಕೂರಿಸಿಯಾರು.